ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬ್ಲಾಸ್ಟ್: ಮಜ್ಜೆಯ ಕಾಯಿಲೆಯ ಮುಂದಿನ ಗತಿಯನ್ನು ಅಳೆಯುವ ಬಗೆ

ಮಂಗಳೂರು, ಉಡುಪಿಯ ಆಸುಪಾಸಿನಲ್ಲಿ ಮಳೆಗಾಲ ಬಂತೆಂದರೆ ಪ್ಲೇಟ್‌ಲೆಟ್ ಎಂಬ ಪದ ಮನೆಮನೆಯ ಮಾತಾಗುತ್ತದೆ. ಡೆಂಗಿ, ಮಲೇರಿಯಾ, ಇಲಿಜ್ವರ, ಈ ಮೂರೂ ಕರಾವಳಿಗೆ ಹೊಸತಲ್ಲ; ಮೂರರಲ್ಲೂ ಪ್ಲೇಟ್‌ಲೆಟ್ ಸಂಖ್ಯೆ ಇಳಿಯುವುದುಂಟು, ಜ್ವರ ಗುಣವಾಗುತ್ತಿದ್ದಂತೆ ಅದು ಸಾಮಾನ್ಯವಾಗಿ ಮರಳಿ ಏರುತ್ತದೆ. ಹೀಗಾಗಿ ಇಲ್ಲಿನ ಅನೇಕರಿಗೆ ರಕ್ತದ ವರದಿಯನ್ನು ಒಂದು ಮಟ್ಟಿಗೆ ಓದುವ ರೂಢಿಯಾಗಿದೆ. ಆದರೆ ಜ್ವರವೇ ಇಲ್ಲದೆ, ತಿಂಗಳುಗಟ್ಟಲೆ, ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೆ ಕೆಳಗೇ ಉಳಿದಾಗ ಆ ರೂಢಿ ನೆರವಿಗೆ ಬರುವುದಿಲ್ಲ. ಮಜ್ಜೆಯ ಪರೀಕ್ಷೆ ಆಗಬೇಕೆಂದು ವೈದ್ಯರು ಹೇಳುತ್ತಾರೆ, ವರದಿಯ ಹಾಳೆಗಳು ಹೆಚ್ಚುತ್ತವೆ, ಮನೆಯವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ನಿಲ್ಲುತ್ತದೆ: ಮುಂದೇನು, ಎಷ್ಟು ಕಾಲ?

ಈ ಪ್ರಶ್ನೆಗೆ ವೈದ್ಯವಿಜ್ಞಾನ ಉತ್ತರ ಹುಡುಕುವ ಕ್ರಮವೊಂದಿದೆ. ಆ ಕ್ರಮವನ್ನು ತಿಳಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ರಕ್ತದ ಯಾವುದೇ ಒಂಟಿ ಅಂಕಿ ರೋಗಿಯ ಭವಿಷ್ಯವನ್ನು ಹೇಳುವುದಿಲ್ಲ. ಮೊದಲು ಕಾಯಿಲೆ ಯಾವುದೆಂದು ಖಚಿತವಾಗಬೇಕು, ಅದರಂತೆಯೇ ತೋರುವ ಇತರ ಕಾರಣಗಳು ದೂರವಾಗಬೇಕು, ಬಳಿಕ ರಕ್ತ, ಮಜ್ಜೆ ಮತ್ತು ವರ್ಣತಂತುಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಬೇಕು.

ಎಲುಬಿನ ಒಳಗಿನ ಮೃದುವಾದ ಮಜ್ಜೆಯೇ ರಕ್ತಕಣಗಳ ಹುಟ್ಟುಸ್ಥಾನ. ವಯಸ್ಕರಲ್ಲಿ ಅದು ಪ್ರತಿದಿನ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ, ಪ್ಲೇಟ್‌ಲೆಟ್ 7ರಿಂದ 10 ದಿನ, ಸೋಂಕಿನ ವಿರುದ್ಧ ಮೊದಲು ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ರಕ್ತದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಈ ಆಯುಸ್ಸಿನ ವ್ಯತ್ಯಾಸದಿಂದಾಗಿಯೇ ಮಜ್ಜೆ ಹಠಾತ್ತನೆ ನಿಂತರೆ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಬೇಗ ಕುಸಿಯುತ್ತವೆ, ಹಿಮೋಗ್ಲೋಬಿನ್ ನಿಧಾನವಾಗಿ ಇಳಿಯುತ್ತದೆ. ಮಜ್ಜೆಯಲ್ಲಿ ಇನ್ನೂ ಬಲಿಯದ ಎಳೆಯ ಕಣಗಳಿಗೆ ಬ್ಲಾಸ್ಟ್ ಎನ್ನುತ್ತಾರೆ. ಅವು ಅಲ್ಲೇ ಹಂತಹಂತವಾಗಿ ಬೆಳೆದು, ಪಕ್ವವಾದ ಮೇಲೆ ರಕ್ತಕ್ಕೆ ಇಳಿಯುತ್ತವೆ.

ಮಜ್ಜೆ ಎರಡು ಬಗೆಯಲ್ಲಿ ಸೋಲಬಹುದು. ಒಂದರಲ್ಲಿ ಮಜ್ಜೆಯೇ ಬರಿದಾಗುತ್ತದೆ, ಕಣಗಳಿರಬೇಕಾದ ಕಡೆ ಕೊಬ್ಬು ತುಂಬಿಕೊಳ್ಳುತ್ತದೆ. ಇದು ಅಪ್ಲಾಸ್ಟಿಕ್ ಅನೀಮಿಯಾ. ಇನ್ನೊಂದರಲ್ಲಿ ಮಜ್ಜೆ ತುಂಬಿ ತುಳುಕುತ್ತಿದ್ದರೂ ರಕ್ತದಲ್ಲಿ ಕಣಗಳಿರುವುದಿಲ್ಲ. ಮಡಿಯಲ್ಲಿ ನೇಜಿ ದಟ್ಟವಾಗಿ ಮೊಳೆತರೂ ಕಿತ್ತು ನೆಡುವ ಮೊದಲೇ ಕೊಳೆತುಹೋದರೆ ಗದ್ದೆ ಖಾಲಿಯಾಗಿಯೇ ಉಳಿಯುತ್ತದಲ್ಲ, ಅದೇ ಸ್ಥಿತಿ. ತಪ್ಪಾಗಿ ರೂಪುಗೊಂಡ ಕಣಗಳು ಮಜ್ಜೆಯ ಒಳಗೇ ಸಾಯುವ ಈ ಕಾಯಿಲೆಗಳ ಗುಂಪಿಗೆ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಚಿಕ್ಕದಾಗಿ ಎಂಡಿಎಸ್ ಎಂಬ ಹೆಸರಿದೆ. ಹೆಚ್ಚಾಗಿ 60 ದಾಟಿದವರಲ್ಲಿ ಕಾಣಿಸಿಕೊಳ್ಳುವ ಇದು ಕೆಲವರಲ್ಲಿ ಹತ್ತಾರು ವರ್ಷ ಸೌಮ್ಯವಾಗಿಯೇ ಇರುತ್ತದೆ, ಮತ್ತೆ ಕೆಲವರಲ್ಲಿ ತಿಂಗಳುಗಳೊಳಗೆ ತೀವ್ರ ರಕ್ತಕ್ಯಾನ್ಸರ್ ಆಗಿ ಬದಲಾಗುತ್ತದೆ. ಒಂದೇ ಹೆಸರಿನ ಕಾಯಿಲೆಯಲ್ಲಿ ಇಷ್ಟು ಅಂತರವಿರುವುದರಿಂದಲೇ ಮುಂದಿನ ಗತಿಯನ್ನು ಅಳೆಯುವ ಸೂಚಕಗಳ ಅಗತ್ಯ ಬೇರೆಲ್ಲಕ್ಕಿಂತ ಇಲ್ಲಿ ಹೆಚ್ಚು. ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ಭವಿಷ್ಯದ ಮಾತಿಗೆ ಮೊದಲು ಕಾಯಿಲೆ ನಿಜವಾಗಿಯೂ ಇದೆಯೇ ಎಂಬುದು ತೀರ್ಮಾನವಾಗಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಮಾದರಿಯ ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಈ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಯಂತ್ರ ಅವನ್ನು ಸರಿಯಾಗಿ ಎಣಿಸಲಾರದೆ 40,000 ಎಂದೋ 50,000 ಎಂದೋ ತೋರಿಸುತ್ತದೆ; ಸಿಟ್ರೇಟ್ ಇರುವ ಬೇರೆ ಕೊಳವೆಯಲ್ಲಿ ರಕ್ತ ತೆಗೆದಾಗ ಸಂಖ್ಯೆ ಸಹಜವಾಗಿರುತ್ತದೆ. ಆದ್ದರಿಂದ ಯಂತ್ರದ ಎಣಿಕೆಯ ಜೊತೆಗೆ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಅನಿವಾರ್ಯ. ಖರ್ಚು ಕಡಿಮೆಯಿರುವ ಈ ಪರೀಕ್ಷೆ ಅನುಭವಿ ಕಣ್ಣಿಗೆ ತೋರಿಸುವಷ್ಟನ್ನು ಎಷ್ಟೋ ದುಬಾರಿ ಪರೀಕ್ಷೆಗಳು ತೋರಿಸಲಾರವು.

ಇನ್ನೂ ಮುಖ್ಯವಾದುದು ಬಿ12 ಜೀವಸತ್ವದ ಕೊರತೆ. ಬಿ12 ಇಲ್ಲದೆ ಮಜ್ಜೆಯ ಕಣಗಳು ಸರಿಯಾಗಿ ಬಲಿಯುವುದಿಲ್ಲ. ಮೂರೂ ಬಗೆಯ ಕಣಗಳು ಕಡಿಮೆಯಾಗುತ್ತವೆ, ಕೆಂಪು ಕಣಗಳ ಗಾತ್ರ ಹೆಚ್ಚುತ್ತದೆ, ಮಜ್ಜೆಯ ಚಿತ್ರ ಎಂಡಿಎಸ್ ಅನ್ನೇ ಹೋಲುತ್ತದೆ. ಈ ಜೀವಸತ್ವ ಸಹಜವಾಗಿ ದೊರೆಯುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಹಾಲು, ಮೊಸರು ಕಡಿಮೆಯಿರುವ ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಕೊರತೆಯ ಸಂಭವ ಹೆಚ್ಚು. ಆದರೆ ದಿನವೂ ಮೀನಿನ ಊಟ ಮಾಡುವವರೂ ಇದರಿಂದ ಪೂರ್ತಿ ಪಾರಲ್ಲ: ಸಕ್ಕರೆ ಕಾಯಿಲೆಗೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ, ಜಠರದಲ್ಲಿ ಬಿ12 ಹೀರಲು ಬೇಕಾದ ಅಂಶವೇ ಇಲ್ಲದವರಲ್ಲಿ ತಟ್ಟೆಯಲ್ಲಿ ಮೀನಿದ್ದರೂ ಜೀವಸತ್ವ ರಕ್ತಕ್ಕೆ ಸೇರುವುದಿಲ್ಲ. ಚುಚ್ಚುಮದ್ದು ಕೊಟ್ಟರೆ ಒಂದು ವಾರದೊಳಗೆ ಹೊಸ ಕೆಂಪು ಕಣಗಳು ಏರತೊಡಗಿ, ಸುಮಾರು ಎರಡು ತಿಂಗಳಲ್ಲಿ ರಕ್ತ ಸರಿಹೋಗುವ ಕಾಯಿಲೆ ಇದು. ಇದರ ಜೊತೆಗೆ ಫೋಲಿಕ್ ಆಮ್ಲ ಮತ್ತು ತಾಮ್ರದ ಕೊರತೆ, ಮದ್ಯಪಾನ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಎಚ್‌ಐವಿ, ಕ್ಷಯ, ಯಕೃತ್ತಿನ ಕಾಯಿಲೆ, ಊದಿದ ಗುಲ್ಮ ಇವುಗಳನ್ನೂ ತಪಾಸಣೆ ಮಾಡಿಯೇ ಮುಂದೆ ಹೋಗಬೇಕು. ರೋಗಿಗೆ ರಕ್ತ ಕೊಟ್ಟ ಬಳಿಕ ಇವುಗಳಲ್ಲಿ ಹಲವು ಪರೀಕ್ಷೆಗಳ ಫಲಿತಾಂಶ ಮಸುಕಾಗುವುದರಿಂದ, ತುರ್ತು ಇಲ್ಲದಿದ್ದರೆ ಮೊದಲು ಮಾದರಿಗಳನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮಜ್ಜೆಯ ಪರೀಕ್ಷೆಯೆಂದರೆ ಸೊಂಟದ ಹಿಂಬದಿಯ ಎಲುಬನ್ನು ಮರಗಟ್ಟಿಸಿ, ದಪ್ಪ ಸೂಜಿಯಿಂದ ಸ್ವಲ್ಪ ದ್ರವವನ್ನೂ ಎಲುಬಿನ ಚಿಕ್ಕ ತುಣುಕನ್ನೂ ತೆಗೆಯುವುದು. ಬೆನ್ನುಹುರಿಗೂ ಇದಕ್ಕೂ ಸಂಬಂಧವಿಲ್ಲ. ಆ ಭಯದಿಂದ ಪರೀಕ್ಷೆಯನ್ನು ಮುಂದೂಡುವುದು ಸಲ್ಲದು. ದ್ರವದಲ್ಲಿ ಕನಿಷ್ಠ 500 ಕಣಗಳನ್ನು ಒಂದೊಂದಾಗಿ ಎಣಿಸಿ ಬ್ಲಾಸ್ಟ್‌ಗಳ ಪಾಲು ಎಷ್ಟೆಂದು ಹೇಳುತ್ತಾರೆ. ಸಹಜ ಮಜ್ಜೆಯಲ್ಲಿ ಅದು ಶೇ. 5ಕ್ಕಿಂತ ಕಡಿಮೆ. ಶೇ. 20 ತಲುಪಿದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂದು ಪರಿಗಣಿಸುವುದು ರೂಢಿ. ನಡುವಿನ ಅಂತರದಲ್ಲಿ ಎಂಡಿಎಸ್‌ನ ತೀವ್ರತೆ ಏರುತ್ತಾ ಹೋಗುತ್ತದೆ. ದ್ರವದ ಇನ್ನೊಂದು ಭಾಗ ವರ್ಣತಂತುಗಳ ಪರೀಕ್ಷೆಗೆ ಹೋಗುತ್ತದೆ, ತುಣುಕಿನಲ್ಲಿ ಮಜ್ಜೆ ಎಷ್ಟು ತುಂಬಿದೆ, ನಾರುಗಟ್ಟಿದೆಯೇ ಎಂಬುದು ಕಾಣುತ್ತದೆ.

ಈ ಎಲ್ಲವನ್ನೂ ಒಂದೇ ಅಳತೆಗೆ ತರುವ ಮೊದಲ ಅಂತರರಾಷ್ಟ್ರೀಯ ಅಂಕಪದ್ಧತಿ 1997ರಲ್ಲಿ ಬಂತು. ಅದರ ಪರಿಷ್ಕೃತ ರೂಪ ಐಪಿಎಸ್‌ಎಸ್-ಆರ್ 2012ರಲ್ಲಿ. ಇದನ್ನು ರೂಪಿಸಲು ಹಲವು ದೇಶಗಳ 7,012 ರೋಗಿಗಳ ಮಾಹಿತಿಯನ್ನು ಬಳಸಲಾಯಿತು. ಐದು ಸೂಚಕಗಳಿಗೆ ಅಂಕ ಕೊಡಲಾಗುತ್ತದೆ. ಹಿಮೋಗ್ಲೋಬಿನ್ 10 ಗ್ರಾಂ ಅಥವಾ ಅದಕ್ಕಿಂತ ಮೇಲಿದ್ದರೆ ಸೊನ್ನೆ, 8ರಿಂದ 10ರ ನಡುವೆ 1, ಎಂಟಕ್ಕಿಂತ ಕೆಳಗೆ 1.5. ಪ್ಲೇಟ್‌ಲೆಟ್ ಒಂದು ಲಕ್ಷ ಅಥವಾ ಮೇಲಿದ್ದರೆ ಸೊನ್ನೆ, 50,000ದಿಂದ ಒಂದು ಲಕ್ಷದ ನಡುವೆ 0.5, ಅದಕ್ಕಿಂತ ಕೆಳಗೆ 1. ನ್ಯೂಟ್ರೋಫಿಲ್ 800ಕ್ಕಿಂತ ಕಡಿಮೆಯಿದ್ದರೆ 0.5. ಮಜ್ಜೆಯ ಬ್ಲಾಸ್ಟ್ ಶೇ. 2ರವರೆಗೆ ಸೊನ್ನೆ, ಎರಡಕ್ಕಿಂತ ಮೇಲೆ ಐದರೊಳಗೆ 1, ಐದರಿಂದ ಹತ್ತರವರೆಗೆ 2, ಹತ್ತು ದಾಟಿದರೆ 3. ವರ್ಣತಂತುಗಳ ಸ್ಥಿತಿಗೆ, ಅತ್ಯುತ್ತಮದಿಂದ ಅತಿ ಕೆಟ್ಟದ್ದರವರೆಗೆ, ಸೊನ್ನೆಯಿಂದ 4. ವರದಿಯಲ್ಲಿ ನ್ಯೂಟ್ರೋಫಿಲ್ ಶೇಕಡಾವಾರು ಮಾತ್ರ ಇದ್ದರೆ, ಒಟ್ಟು ಬಿಳಿ ಕಣಗಳನ್ನು ಅದರಿಂದ ಗುಣಿಸಬೇಕು: 3,000ದಲ್ಲಿ ಶೇ. 40 ಎಂದರೆ 1,200.

ಉದಾಹರಣೆಗೆ ಕಾರ್ಕಳದ ಕಡೆಯ 68 ವರ್ಷದ ಕೃಷಿಕರೊಬ್ಬರನ್ನು ಊಹಿಸಿಕೊಳ್ಳೋಣ. ಹಿಮೋಗ್ಲೋಬಿನ್ 8.6, ಪ್ಲೇಟ್‌ಲೆಟ್ 72,000, ನ್ಯೂಟ್ರೋಫಿಲ್ 1,200, ಬ್ಲಾಸ್ಟ್ ಶೇ. 3, ವರ್ಣತಂತುಗಳು ಸಹಜ. ಅಂಕಗಳು ಕ್ರಮವಾಗಿ 1, 0.5, 0, 1 ಮತ್ತು 1. ಸಹಜ ವರ್ಣತಂತುಗಳು ‘ಉತ್ತಮ’ ವರ್ಗಕ್ಕೆ ಸೇರುವುದರಿಂದ ಅದಕ್ಕೂ ಒಂದು ಅಂಕವಿದೆ. ಒಟ್ಟು 3.5, ಅಂದರೆ ಮಧ್ಯಮ ಅಪಾಯದ ಗುಂಪು. ಮುಂದಿನ ತಿಂಗಳು ಹಿಮೋಗ್ಲೋಬಿನ್ 7.8ಕ್ಕೆ ಇಳಿದರೆ ಮನೆಯವರು ಕಂಗಾಲಾಗುತ್ತಾರೆ, ಆದರೆ ಅಂಕ 4 ಆಗುತ್ತದೆಯೇ ಹೊರತು ಗುಂಪು ಬದಲಾಗುವುದಿಲ್ಲ. ಈಗ ರಕ್ತದ ಎಣಿಕೆಗಳೆಲ್ಲ ಮೊದಲಿದ್ದಂತೆಯೇ ಇದ್ದು, ಏಳನೆಯ ವರ್ಣತಂತುವಿನ ಒಂದು ಪ್ರತಿ ಇಲ್ಲವೆಂದು ವರದಿ ಬಂದಿತೆನ್ನಿ. ವರ್ಣತಂತುಗಳ ಅಂಕ 1ರಿಂದ 3ಕ್ಕೆ ಏರಿ ಒಟ್ಟು 5.5 ಆಗುತ್ತದೆ, ಅದೇ ವ್ಯಕ್ತಿ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿಯಲ್ಲಿ ಇದರ ಸುಳಿವು ಎಲ್ಲೂ ಇರುವುದಿಲ್ಲ. ಒಟ್ಟು 10 ಅಂಕಗಳಲ್ಲಿ ರಕ್ತದ ಎಣಿಕೆಗಳಿಂದ ಬರಬಹುದಾದದ್ದು ಹೆಚ್ಚೆಂದರೆ 3. ಉಳಿದ 7 ಅಂಕ ಮಜ್ಜೆಯಿಂದಲೇ ಬರಬೇಕು. ಆದ್ದರಿಂದ ಸಿಬಿಸಿಯನ್ನಷ್ಟೇ ಮುಂದಿಟ್ಟುಕೊಂಡು ಎಂಡಿಎಸ್ ರೋಗಿಯ ಭವಿಷ್ಯ ನುಡಿಯುವುದು, ಅದು ಧೈರ್ಯದ ಮಾತಾಗಿರಲಿ, ನಿರಾಶೆಯ ಮಾತಾಗಿರಲಿ, ಆಧಾರವಿಲ್ಲದ್ದು.

ಎಲ್ಲ ವರ್ಣತಂತು ದೋಷಗಳೂ ಕೆಟ್ಟವಲ್ಲ. ಐದನೆಯ ವರ್ಣತಂತುವಿನ ಉದ್ದ ತೋಳಿನ ಒಂದು ಭಾಗ ಮಾತ್ರ ಕಳೆದುಹೋಗಿದ್ದರೆ ಅದು ಉತ್ತಮ ವರ್ಗವೇ, ಮೇಲಾಗಿ ಲೆನಾಲಿಡೊಮೈಡ್ ಎಂಬ ಮಾತ್ರೆಗೆ ಚೆನ್ನಾಗಿ ಸ್ಪಂದಿಸುತ್ತದೆ. ವೈ ವರ್ಣತಂತು ಇಲ್ಲದಿರುವುದು ಅತ್ಯುತ್ತಮ ವರ್ಗಕ್ಕೆ ಸೇರುತ್ತದೆ. ವಯಸ್ಸಾದ ಗಂಡಸರಲ್ಲಿ ಕಾಯಿಲೆಯಿಲ್ಲದೆಯೂ ಅದು ಕಾಣಬಹುದು. ಮೂರಕ್ಕಿಂತ ಹೆಚ್ಚು ದೋಷಗಳು ಒಟ್ಟಿಗಿದ್ದರೆ ಅದು ಅತಿ ಕೆಟ್ಟ ವರ್ಗ.

ಐದು ಗುಂಪುಗಳಿಗೆ ಆ ಅಧ್ಯಯನದಲ್ಲಿ ಕಂಡ ಮಧ್ಯಾಂಕ ಬದುಕುಳಿವು, ಅತಿ ಕಡಿಮೆ ಅಪಾಯದಿಂದ ಅತಿ ಹೆಚ್ಚಿನದರವರೆಗೆ, 8.8, 5.3, 3.0, 1.6 ಮತ್ತು 0.8 ವರ್ಷ. ಈ ಅಂಕಿಗಳನ್ನು ಓದುವಾಗ ಬಹಳ ಎಚ್ಚರ ಬೇಕು. ಮಧ್ಯಾಂಕ ಮೂರು ವರ್ಷ ಎಂದರೆ ಆ ಗುಂಪಿನ ಅರ್ಧದಷ್ಟು ಜನ ಮೂರು ವರ್ಷಕ್ಕಿಂತ ಹೆಚ್ಚು ಬದುಕಿದ್ದರು ಎಂದೇ ಅರ್ಥ, ಕೆಲವರು ಬಹಳ ಹೆಚ್ಚು. ಅದು ಒಬ್ಬ ವ್ಯಕ್ತಿಗೆ ಕೊಟ್ಟ ಗಡುವಲ್ಲ. ಎರಡನೆಯದಾಗಿ, ಆ 7,012 ಜನ ಕಾಯಿಲೆಯ ಗತಿಯನ್ನೇ ಬದಲಿಸುವ ಚಿಕಿತ್ಸೆ ಪಡೆಯದವರು. ಚಿಕಿತ್ಸೆ ಇಲ್ಲದಿದ್ದರೆ ಕಾಯಿಲೆ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಯಲೆಂದೇ ಅವರನ್ನು ಆರಿಸಲಾಗಿತ್ತು. ಹೆಚ್ಚಿನ ಅಪಾಯದ ರೋಗಿಗಳಲ್ಲಿ ಅಜಾಸಿಟಿಡೀನ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಂಪ್ರದಾಯಿಕ ಆರೈಕೆಯವರ ಮಧ್ಯಾಂಕ ಬದುಕುಳಿವು 15 ತಿಂಗಳಿದ್ದರೆ ಈ ಔಷಧ ಪಡೆದವರದು 24.5 ತಿಂಗಳಿತ್ತು. ಮೂರನೆಯದಾಗಿ, ವಯಸ್ಸು, ಹೃದಯ, ಮೂತ್ರಪಿಂಡ, ಸಕ್ಕರೆ ಕಾಯಿಲೆ ಇವುಗಳ ಪ್ರಭಾವ ಈ ಅಂಕದೊಳಗಿಲ್ಲ. ಆದರೂ ಅಂತರ್ಜಾಲದಲ್ಲಿ ಅಂಕ ಲೆಕ್ಕ ಹಾಕಿ ತೆರೆಯ ಮೇಲೆ ಬಂದ ವರ್ಷವನ್ನು ತಂದೆಯ ಆಯುಸ್ಸೆಂದು ಭಾವಿಸಿ ನಿದ್ದೆಗೆಡುವ ಮಕ್ಕಳಿದ್ದಾರೆ; ಅವರಿಗೆ ಈ ಮೂರು ವಿಷಯಗಳನ್ನು ಯಾರಾದರೂ ಕುಳಿತು ಹೇಳಬೇಕಾಗಿದೆ.

2022ರಲ್ಲಿ ಬಂದ ಐಪಿಎಸ್‌ಎಸ್-ಎಂ ಎಂಬ ಹೊಸ ಪದ್ಧತಿ 31 ವಂಶವಾಹಿಗಳ ಬದಲಾವಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನ್ಯೂಟ್ರೋಫಿಲ್ ಸಂಖ್ಯೆ ಅದರಲ್ಲಿಲ್ಲ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬ್ಲಾಸ್ಟ್, ವರ್ಣತಂತುಗಳು ಉಳಿದಿವೆ. ಇದನ್ನು ಅನ್ವಯಿಸಿದಾಗ ಹಳೆಯ ಪದ್ಧತಿಯ ಶೇ. 46ರಷ್ಟು ರೋಗಿಗಳ ಗುಂಪು ಬದಲಾಯಿತು. ಎಸ್‌ಎಫ್3ಬಿ1 ಎಂಬ ವಂಶವಾಹಿಯ ಬದಲಾವಣೆ ಬಹುತೇಕ ಒಳ್ಳೆಯ ಲಕ್ಷಣ. ಟಿಪಿ53 ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಉಳಿದ ಸೂಚಕಗಳು ಏನೇ ಹೇಳಿದರೂ ಕಾಯಿಲೆ ಆಕ್ರಮಣಕಾರಿಯಾಗಿರುತ್ತದೆ. ಒಂದೇ ಪ್ರತಿ ಕೆಟ್ಟಿದ್ದರೆ ಅಷ್ಟು ಕೇಡಿಲ್ಲ. ಆದರೆ ಬದಲಾವಣೆಯೊಂದು ಕಂಡ ಮಾತ್ರಕ್ಕೆ ಕಾಯಿಲೆ ಇದೆಯೆಂದು ತಿಳಿಯಬಾರದು. 70 ದಾಟಿದ ಆರೋಗ್ಯವಂತರಲ್ಲೂ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತಕಣಗಳಲ್ಲಿ ಇಂತಹ ಬದಲಾವಣೆಗಳಿರುತ್ತವೆ, ಅವರಲ್ಲಿ ಬಹುತೇಕರಿಗೆ ರಕ್ತದ ಕಾಯಿಲೆ ಬರುವುದೇ ಇಲ್ಲ.

ವರದಿಯಲ್ಲಿ ಸಿಡಿ34, ಸಿಡಿ117, ಸಿಡಿ33 ಎಂಬ ಹೆಸರುಗಳು ಕಂಡು ಗಾಬರಿಯಾಗುವವರಿದ್ದಾರೆ. ಇವು ಕಣಗಳ ಮೇಲ್ಮೈಯಲ್ಲಿರುವ ಗುರುತು ಅಣುಗಳು. ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳ ನೆರವಿನಿಂದ ಫ್ಲೋ ಸೈಟೊಮೆಟ್ರಿ ಯಂತ್ರ ಇವನ್ನು ಪತ್ತೆಹಚ್ಚುತ್ತದೆ. ಕಣ ಎಳೆಯದೇ, ಯಾವ ವಂಶದ್ದು, ಅದರ ಗುರುತುಗಳು ಸಹಜವೇ ಎಂದು ತಿಳಿಯಲು ಇದು ಬಹಳ ಉಪಯುಕ್ತ. ಆದರೆ ಅಂಕ ಲೆಕ್ಕಕ್ಕೆ ಬೇಕಾದ ಬ್ಲಾಸ್ಟ್ ಶೇಕಡಾವಾರನ್ನು ಸೂಕ್ಷ್ಮದರ್ಶಕದ ಎಣಿಕೆಯಿಂದಲೇ ತೆಗೆದುಕೊಳ್ಳಬೇಕು, ಏಕೆಂದರೆ ಯಂತ್ರಕ್ಕೆ ಹೋಗುವ ಮಾದರಿಗೆ ರಕ್ತ ಬೆರೆತಿರಬಹುದು ಮತ್ತು ಎಲ್ಲ ಬ್ಲಾಸ್ಟ್‌ಗಳ ಮೇಲೂ ಸಿಡಿ34 ಇರುವುದಿಲ್ಲ. ಆರ್‌ಡಿಡಬ್ಲ್ಯು, ಅಂದರೆ ಕೆಂಪು ಕಣಗಳ ಗಾತ್ರದ ಏರುಪೇರು, ಪ್ರತಿ ಸಿಬಿಸಿ ವರದಿಯಲ್ಲೂ ಇರುತ್ತದೆ. ಅದು ಹೆಚ್ಚಿರುವ ಎಂಡಿಎಸ್ ರೋಗಿಗಳ ಬದುಕುಳಿವು ಕಡಿಮೆಯೆಂದು ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಬರಿಯ ಕಬ್ಬಿಣದ ಕೊರತೆಯಲ್ಲೂ ಅದು ಏರುವುದರಿಂದ ಮುಖ್ಯ ಅಂಕಪದ್ಧತಿಗಳಲ್ಲಿ ಅದಕ್ಕೆ ಸ್ಥಾನವಿಲ್ಲ.

ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಲೆಕ್ಕಾಚಾರವೇ ಬೇರೆ. ಇಲ್ಲಿ ರಕ್ತದ ಎಣಿಕೆಗಳೇ ತೀವ್ರತೆಯನ್ನು ನಿರ್ಧರಿಸುತ್ತವೆ. 1976ರಿಂದ ಬಳಕೆಯಲ್ಲಿರುವ ಮಾನದಂಡದ ಪ್ರಕಾರ, ಮಜ್ಜೆ ಬರಿದಾಗಿದ್ದು, ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ, ರೆಟಿಕ್ಯುಲೊಸೈಟ್ ಎಂಬ ಹೊಸ ಕೆಂಪು ಕಣಗಳ ತೀವ್ರ ಕೊರತೆ, ಈ ಮೂರರಲ್ಲಿ ಎರಡಾದರೂ ಇದ್ದರೆ ಅದು ತೀವ್ರ; ನ್ಯೂಟ್ರೋಫಿಲ್ 200ಕ್ಕಿಂತ ಕೆಳಗಿದ್ದರೆ ಅತಿ ತೀವ್ರ. ಎಂಡಿಎಸ್ ಅಂಕದಲ್ಲಿ ಹೆಚ್ಚೆಂದರೆ ಅರ್ಧ ಅಂಕ ಪಡೆಯುವ ನ್ಯೂಟ್ರೋಫಿಲ್ ಇಲ್ಲಿ ಪ್ರಾಣದ ಪ್ರಶ್ನೆ, ಏಕೆಂದರೆ ಈ ರೋಗಿಗಳನ್ನು ಕಾಡುವುದು ಮುಖ್ಯವಾಗಿ ಸೋಂಕು. ರೆಟಿಕ್ಯುಲೊಸೈಟ್ 25,000 ಮತ್ತು ಲಿಂಫೊಸೈಟ್ ಎಂಬ ಬಿಳಿ ಕಣ 1,000 ಅಥವಾ ಅದಕ್ಕಿಂತ ಹೆಚ್ಚಿರುವವರು ಪ್ರತಿರಕ್ಷೆಯನ್ನು ತಗ್ಗಿಸುವ ಚಿಕಿತ್ಸೆಗೆ ಉತ್ತಮವಾಗಿ ಸ್ಪಂದಿಸುತ್ತಾರೆ; ಮಜ್ಜೆಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿದೆಯೆಂಬುದಕ್ಕೆ ಅವು ಸಾಕ್ಷಿ.

ಎಣಿಕೆ ಭಯಾನಕವಾಗಿದ್ದರೂ ಭವಿಷ್ಯ ಉತ್ತಮವಾಗಿರಬಹುದು ಎಂಬುದಕ್ಕೆ ಸಿಎಂಎಲ್ ಎಂಬ ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ ನಿದರ್ಶನ. ಬಿಳಿ ಕಣಗಳು ಎರಡು ಲಕ್ಷ ದಾಟಿ ರೋಗಿ ಆಸ್ಪತ್ರೆಗೆ ಬರುವುದುಂಟು. 1960ರಲ್ಲಿ ಗುರುತಿಸಿದ ಫಿಲಡೆಲ್ಫಿಯಾ ವರ್ಣತಂತು 9 ಮತ್ತು 22ನೆಯ ವರ್ಣತಂತುಗಳ ಅದಲುಬದಲಿನಿಂದ ಹುಟ್ಟುತ್ತದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಿಂದ ಉಂಟಾಗುವ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ 2001ರಲ್ಲಿ ಬಳಕೆಗೆ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ಅದರ ಅಗ್ಗದ ದೇಶೀ ಮಾತ್ರೆಗಳ ತಯಾರಿಕೆಗೆ ಇದ್ದ ಪೇಟೆಂಟ್ ಆತಂಕವೂ ಭಾರತದಲ್ಲಿ ದೂರವಾಯಿತು. ಮಾತ್ರೆಯನ್ನು ತಪ್ಪದೆ ಸೇವಿಸಿ ಚೆನ್ನಾಗಿ ಸ್ಪಂದಿಸಿದವರ ಆಯುಸ್ಸು ಇಂದು ಹೆಚ್ಚುಕಡಿಮೆ ಇತರರಷ್ಟೇ. ಇಲ್ಲಿ ಮೊದಲ ದಿನದ ಎಣಿಕೆಗಿಂತ ಚಿಕಿತ್ಸೆಗೆ ಕೊಡುವ ಪ್ರತಿಕ್ರಿಯೆಯೇ ನಿಜವಾದ ಸೂಚಕ: ಆ ಅದಲುಬದಲಿನಿಂದ ಹುಟ್ಟಿದ ಬಿಸಿಆರ್-ಎಬಿಎಲ್ ವಂಶವಾಹಿಯ ಪ್ರಮಾಣ ಮೂರು ತಿಂಗಳಿಗೆ ಶೇ. 10ಕ್ಕೆ, ಆರು ತಿಂಗಳಿಗೆ ಶೇ. 1ಕ್ಕೆ, ಒಂದು ವರ್ಷಕ್ಕೆ ಶೇ. 0.1ಕ್ಕೆ ಇಳಿದಿರಬೇಕು. ಮಜ್ಜೆ ನಾರುಗಟ್ಟುವ ಮೈಲೋಫೈಬ್ರೋಸಿಸ್‌ನಲ್ಲಾದರೋ ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿರುವುದೇ ಅತ್ಯಂತ ತೂಕದ ಸೂಚಕ, ರಕ್ತದಲ್ಲಿ ಶೇ. 1ರಷ್ಟು ಬ್ಲಾಸ್ಟ್ ಕಂಡರೂ ಅಪಾಯ ಏರುತ್ತದೆ.

ಬಹಳ ಮಂದಿ ಎಂಡಿಎಸ್ ರೋಗಿಗಳಿಗೆ ತಿಂಗಳಿಗೊಮ್ಮೆಯಾದರೂ ರಕ್ತ ಕೊಡಿಸಬೇಕಾಗುತ್ತದೆ. ರಕ್ತದ ಮೇಲಿನ ಈ ಅವಲಂಬನೆ ತಾನೇ ಒಂದು ಮುಖ್ಯ ಸೂಚಕ. ಪ್ರತಿ ಚೀಲದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹ ಸೇರುತ್ತದೆ, ಅದನ್ನು ಹೊರಹಾಕುವ ಸಹಜ ದಾರಿ ದೇಹಕ್ಕಿಲ್ಲ. ಆದ್ದರಿಂದ ಎಷ್ಟು ಚೀಲ, ಯಾವ ದಿನ ಎಂಬ ದಾಖಲೆಯನ್ನು ಮನೆಯವರೇ ಇಟ್ಟುಕೊಳ್ಳಬೇಕು. ಸುಮಾರು 20 ಚೀಲ ದಾಟಿದಾಗ, ದೇಹದಲ್ಲಿನ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ನೋಡಿ ಕಬ್ಬಿಣ ತೆಗೆಯುವ ಔಷಧದ ವಿಚಾರ ಬರುತ್ತದೆ. ಕುಂದಾಪುರದಲ್ಲೊಮ್ಮೆ, ಉಡುಪಿಯಲ್ಲೊಮ್ಮೆ, ಮಂಗಳೂರಿನಲ್ಲೊಮ್ಮೆ ಪರೀಕ್ಷೆ ಮಾಡಿಸಿದವರ ಹಳೆಯ ವರದಿಗಳು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿದ್ದರೆ ಎಣಿಕೆ ಇಳಿಯುತ್ತಿರುವ ವೇಗ ವೈದ್ಯರಿಗೆ ಕಾಣುತ್ತದೆ. ನಾಲ್ಕು ವರ್ಷದಿಂದ 90,000ದಲ್ಲೇ ನಿಂತ ಪ್ಲೇಟ್‌ಲೆಟ್‌ಗೂ ನಾಲ್ಕು ತಿಂಗಳಲ್ಲಿ ಎರಡು ಲಕ್ಷದಿಂದ 90,000ಕ್ಕೆ ಇಳಿದದ್ದಕ್ಕೂ ಅರ್ಥ ಒಂದೇ ಅಲ್ಲ. ಮಳೆಗಾಲದಲ್ಲಿ ಹಠಾತ್ತನೆ ಎಣಿಕೆ ಕುಸಿದರೆ ಕಾಯಿಲೆ ಉಲ್ಬಣಿಸಿತೆಂದು ತೀರ್ಮಾನಿಸುವ ಮೊದಲು ಡೆಂಗಿ, ಮಲೇರಿಯಾ ಪರೀಕ್ಷೆಯೂ ಆಗಬೇಕು. ಇಂತಹ ರೋಗಿಗಳಿಗೆ ಜ್ವರ ಬಂದರೆ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಅಳೆಯುವುದರ ಮುಖ್ಯ ಪ್ರಯೋಜನ ಚಿಕಿತ್ಸೆಯ ಸಮಯವನ್ನು ನಿರ್ಧರಿಸುವುದರಲ್ಲಿದೆ. ಎಂಡಿಎಸ್ ಅನ್ನು ಬುಡದಿಂದ ವಾಸಿ ಮಾಡಬಲ್ಲ ಸಾಧ್ಯತೆಯಿರುವುದು ದಾನಿಯ ಮಜ್ಜೆಯ ಕಸಿಗೆ ಮಾತ್ರ, ಆದರೆ ಕಸಿಗೂ ತನ್ನದೇ ಆದ ಪ್ರಾಣಾಪಾಯವಿದೆ. ಕಡಿಮೆ ಅಪಾಯದ ಗುಂಪಿನವರು ಕಾಯುವುದರಿಂದ, ಹೆಚ್ಚಿನ ಅಪಾಯದವರು ಬೇಗ ಕಸಿ ಮಾಡಿಸಿಕೊಳ್ಳುವುದರಿಂದ ಹೆಚ್ಚು ಕಾಲ ಬದುಕುತ್ತಾರೆಂದು 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ಇಂದಿಗೂ ತೀರ್ಮಾನಗಳು ಬಹುಮಟ್ಟಿಗೆ ಆ ದಿಕ್ಕಿನಲ್ಲೇ ನಡೆಯುತ್ತವೆ. ದಾನಿ ರೋಗಿಗೆ ಹೊಂದುತ್ತಾರೆಯೇ ಎಂದು ಹೇಳುವುದು ಕಣಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳು; ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಕಸಿಯನ್ನು ತಾಳುವ ದೇಹಸ್ಥಿತಿಯುಳ್ಳವರ ಅಂಕ ಹೆಚ್ಚಿನ ಗುಂಪಿಗೆ ಏರಿತೆಂದರೆ, ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಎಚ್‌ಎಲ್‌ಎ ಪರೀಕ್ಷೆಯನ್ನು ಆ ವಾರವೇ ಆರಂಭಿಸುವಂತೆ ವೈದ್ಯರನ್ನು ಕೇಳಬಹುದು. ಪೂರ್ತಿ ಹೊಂದುವವರು ಸಿಗದಿದ್ದರೆ ಅರ್ಧ ಹೊಂದುವ ಮಕ್ಕಳಿಂದಲೂ ಕಸಿ ಇಂದು ಸಾಧ್ಯವಿದೆ.